ಮೊದಲು ಚಪ್ಪಾಳೆ, ಆಮೇಲೆ ಪ್ರಾಸ

ಮಕ್ಕಳಿಗೆ ಲಿಮರಿಕ್ ಎಂಬ ಐದು ಸಾಲಿನ ತಮಾಷೆ ಪದ್ಯ ಕಲಿಸುವವರು ಹೆಚ್ಚಾಗಿ ಪ್ರಾಸದಿಂದಲೇ ಶುರು ಮಾಡುತ್ತಾರೆ. ಒಂದು, ಎರಡು, ಐದನೆಯ ಸಾಲಿಗೆ ಒಂದು ಪ್ರಾಸ; ಮೂರು, ನಾಲ್ಕಕ್ಕೆ ಇನ್ನೊಂದು. ಮಕ್ಕಳು ಅದನ್ನು ಬರೆದುಕೊಂಡು, ಸಾಲಿನ ಕೊನೆಗೆ ಹೇಗೋ ಒಂದು ಪದ ತಂದು ಅಂಟಿಸುತ್ತಾರೆ. ಪದ್ಯ ಮಾತ್ರ ಕುಣಿಯುವುದಿಲ್ಲ. ಪ್ರಾಸದ ಮಾತೆತ್ತುವ ಮೊದಲು ಚಪ್ಪಾಳೆ ತಟ್ಟಿಸಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ನಮ್ಮ ಬೀದಿಯ ಮಕ್ಕಳಿಗೆಂದು ನಾನು ಕಟ್ಟಿದ ಪದ್ಯ ಇದು:

ಸಂತೆಗೆ ಹೊರಟಿತು ಕೋತಿ,
ಸೊಂಟಕೆ ಸುತ್ತಿದೆ ಧೋತಿ.
ಹಣ್ಣಿಗೆ ಹಾರಿ
ಕಾಲೇ ಜಾರಿ
ಹರಿಯಿತು ಕೋತಿಯ ಧೋತಿ!

ಉದ್ದ ಸಾಲಿಗೆ ಮೂರು ಚಪ್ಪಾಳೆ, ಗಿಡ್ಡ ಸಾಲಿಗೆ ಎರಡು. ಇಂಗ್ಲಿಷ್ ಲಿಮರಿಕ್ ನಡೆಯುವುದು ಉಚ್ಚಾರದ ಒತ್ತಿನ ಮೇಲೆ. ಕನ್ನಡಕ್ಕೆ ಅದು ಒಗ್ಗುವುದಿಲ್ಲ, ನಮಗೆ ಮಾತ್ರೆಯೇ, ಅಂದರೆ ಅಕ್ಷರ ನುಡಿಯಲು ಹಿಡಿಯುವ ಕಾಲದ ಅಳತೆಯೇ, ಆಧಾರ. ಇಲ್ಲಿ ಒಂದೊಂದು ಚಪ್ಪಾಳೆಗೂ ನಾಲ್ಕು ಮಾತ್ರೆ. ‘ಹೊರಟಿತು’ ಎಂಬ, ಒಂದೊಂದೇ ಮಾತ್ರೆಯ ನಾಲ್ಕು ಲಘುಗಳು ಓಡುತ್ತಾ ತುಂಬುವ ಜಾಗವನ್ನೇ ‘ಕಾಲೇ’ ಎಂಬ, ಎರಡೆರಡು ಮಾತ್ರೆಯ ಎರಡು ಗುರುಗಳು ನಿಧಾನವಾಗಿ ತುಂಬುತ್ತವೆ. ಸಾಲಿನ ಕೊನೆಯ ‘ಕೋತಿ’ಯಲ್ಲಿ ಮೂರೇ ಇವೆ, ನಾಲ್ಕನೆಯದು ಉಸಿರಿಗೆ. ಇದನ್ನೆಲ್ಲ ಮಕ್ಕಳಿಗೆ ವಿವರಿಸಬೇಕಾಗಿಲ್ಲ, ಅವರ ಕೈಗೇ ಗೊತ್ತಾಗುತ್ತದೆ. ಒಬ್ಬ ಹುಡುಗ ಸಂತೆಯ ಬದಲು ‘ಮಾರುಕಟ್ಟೆಗೆ ಹೊರಟಿತು’ ಎಂದ. ಎಲ್ಲರ ಚಪ್ಪಾಳೆಯೂ ಎಡವಿತು. ತುಸು ಯೋಚಿಸಿ ಅವನೇ ‘ಪೇಟೆಗೆ’ ಎಂದು ತಿದ್ದಿಕೊಂಡ. ಅಷ್ಟು ಹೊತ್ತೂ ನಾನು ಬಾಯಿ ಬಿಡಲಿಲ್ಲ.

ಪ್ರಾಸದ ಸರದಿ ಆಮೇಲೆ. ಈ ಬಗೆಯ ಪದ್ಯಕ್ಕೆ ಹೆಸರು ತಂದುಕೊಟ್ಟ ಎಡ್ವರ್ಡ್ ಲಿಯರ್, ಇಂಗ್ಲೆಂಡಿನ ಒಬ್ಬ ಶ್ರೀಮಂತರ ಮನೆಯಲ್ಲಿ ಅವರು ಸಾಕಿದ್ದ ಪ್ರಾಣಿಪಕ್ಷಿಗಳ ಚಿತ್ರ ಬರೆಯುತ್ತಾ, ಆ ಮನೆಯ ಮಕ್ಕಳಿಗಾಗಿ ಇಂಥ ಪದ್ಯಗಳನ್ನು ಹೊಸೆದವನು. 1846ರಲ್ಲಿ ಅವು ಪುಸ್ತಕವಾದವು. ಅವನ ಐದನೆಯ ಸಾಲು ಹೊಸ ಪ್ರಾಸ ಹುಡುಕದೆ ಮೊದಲಿನ ಪದಕ್ಕೇ ಮರಳುವುದು ಹೆಚ್ಚು. ಅದು ಸಪ್ಪೆ ಎನ್ನುವವರಿದ್ದಾರೆ. ಎಳೆಯ ಮಕ್ಕಳಿಗೆ ಅದಕ್ಕಿಂತ ದೊಡ್ಡ ಆಸರೆ ಇಲ್ಲ ಎನ್ನುತ್ತೇನೆ ನಾನು.

ಕನ್ನಡದಲ್ಲಿ ಒಂದು ಆಮಿಷವೂ ಇದೆ. ‘ಮನೆಯಲ್ಲಿ, ಮರದಲ್ಲಿ’, ‘ಬರುತ್ತಾನೆ, ತಿನ್ನುತ್ತಾನೆ’ ಎಂದು ಪ್ರತ್ಯಯಗಳೇ ಪುಕ್ಕಟೆಯಾಗಿ ಪ್ರಾಸ ಒದಗಿಸಿಬಿಡುತ್ತವೆ. ಅದಕ್ಕೆ ಶಭಾಸ್ ಹೇಳಬೇಡಿ. ‘ಅಲ್ಲಿ’ಯನ್ನು ತೆಗೆದು, ಉಳಿದ ಪದ ಪ್ರಾಸಕ್ಕೆ ಕೂಡುತ್ತದೆಯೇ ನೋಡು ಎನ್ನಿ. ಆಗ ‘ಮರ’ಕ್ಕೆ ‘ಸರ’, ‘ಕರ’ ಹುಡುಕಲು ಹೊರಡುತ್ತಾರೆ. ಆ ಹುಡುಕಾಟದಲ್ಲೇ ಕತೆಯೂ ಹುಟ್ಟುತ್ತದೆ. ಮರ ಹತ್ತಿದವನ ಕೊರಳಿಗೆ ಸರ ಎಲ್ಲಿಂದ ಬಂತು ಎಂದು ಅವರೇ ಹೇಳಬೇಕಲ್ಲ!

ನನಗೆ ನಿಜವಾಗಿ ನೋವಾಗುವುದು ಪ್ರೌಢಶಾಲೆಯ ಪ್ರಸ್ತಾರ ನೋಡಿದಾಗ. ಸಾಲಿನ ಮೇಲೆ ಲಘು ಗುರು ಗುರುತು ಹಾಕಿ, ಗಣ ವಿಂಗಡಿಸಿ, ಪೂರ್ತಿ ಅಂಕ ಪಡೆದ ಎಷ್ಟೋ ಮಕ್ಕಳು ಆ ಸಾಲನ್ನು ಒಮ್ಮೆಯೂ ಗಟ್ಟಿಯಾಗಿ ಓದಿರುವುದಿಲ್ಲ. ಎರಡನೆಯ ತರಗತಿಯಲ್ಲೇ ಕೋತಿಯ ಧೋತಿಗೆ ಚಪ್ಪಾಳೆ ತಟ್ಟಿದ್ದರೆ ಆ ಗುರುತುಗಳು ಅವರಿಗೆ ಕಿವಿಯಲ್ಲೇ ಕೇಳಿಸುತ್ತಿದ್ದವು. ಶಿಕ್ಷಕ ಮಿತ್ರರೇ, ಈ ವಾರ ಕೊನೆಯ ಹತ್ತು ನಿಮಿಷ ಇದಕ್ಕೆ ಕೊಟ್ಟು ನೋಡಿ. ಕಾಗುಣಿತ ತಿದ್ದುವುದು ನಾಳೆಗಿರಲಿ.