ಮಳೆಗೆ ಮಾಪಕವಿದೆ, ಆಲಿಕಲ್ಲಿಗೆ ಮನುಷ್ಯನೇ ಬೇಕು

ಫೆಬ್ರವರಿಯ ಕೊನೆಯ ವಾರದಿಂದ ಅಶ್ವಿನಿ ಮಳೆ ಮುಗಿಯುವವರೆಗೆ, ಅಂದರೆ ಏಪ್ರಿಲ್ ಅಂತ್ಯದವರೆಗೆ, ಮಧ್ಯಾಹ್ನ ಎರಡು ಗಂಟೆ ದಾಟಿತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರತೊಡಗುತ್ತದೆ: "ಮಾಸ್ತರ, ಇವತ್ತ ಆಣಿಕಲ್ಲ ಬೀಳ್ತಾವೇನ್ರಿ?" ಕೇಳುವವರಲ್ಲಿ ಹೆಚ್ಚಿನವರು ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು. ಆ ದಿನಗಳಲ್ಲಿ ಕೆಲವರ ಹಣ್ಣು ಇನ್ನೂ ಬಳ್ಳಿಯಲ್ಲೇ ಇರುತ್ತದೆ, ಕೆಲವರದು ಒಣದ್ರಾಕ್ಷಿಯಾಗಲೆಂದು ಶೆಡ್ಡಿನ ಬಲೆಗಳ ಮೇಲೆ ಹರಡಿರುತ್ತದೆ, ಇನ್ನು ಕೆಲವರು ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿಸಿ ಚಿಗುರು ಒಡೆಯುವುದನ್ನು ಕಾಯುತ್ತಿರುತ್ತಾರೆ. ವರ್ಷದ ದುಡಿಮೆಯನ್ನು ನೆಲಕ್ಕೆ ಹಾಕಲು ಹತ್ತು ನಿಮಿಷದ ಆಲಿಕಲ್ಲು ಸಾಕು. ಹಿರಿಯರು ಅಶ್ವಿನಿಯನ್ನು ಸಸ್ಯನಾಶಿನಿ ಎಂದು ಕರೆದದ್ದು ಸುಮ್ಮನೆ ಅಲ್ಲ.

ನಾನು ಹವಾಮಾನ ವಿಜ್ಞಾನಿಯಲ್ಲ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಮತ್ತೆ ಮತ್ತೆ ಆಲಿಕಲ್ಲು ಸುರಿದಾಗ ಹತ್ತಿದ ಹುಚ್ಚು ಇದು. ಉತ್ತರ ಭಾರತದ ಮೇಲೆ ಇರಬೇಕಾದ ಪಶ್ಚಿಮದ ಮೇಲ್ಗಾಳಿ ಆ ವರ್ಷ ತೀರ ಕೆಳಗೆ, ದಖ್ಖನ್ ಪ್ರಸ್ಥಭೂಮಿಯ ನೆತ್ತಿಯವರೆಗೆ ಇಳಿದಿತ್ತು ಎಂಬುದನ್ನು ನಾನು ಓದಿ ತಿಳಿದದ್ದು ಆಮೇಲೆ. ಅಂದಿನಿಂದ ಬೇಸಿಗೆಯ ಪ್ರತಿಯೊಂದು ಬಿರುಗಾಳಿಯ ಬೆನ್ನು ಹತ್ತುತ್ತಿದ್ದೇನೆ, ಫೋನಿನ ಗುಂಪುಗಳಲ್ಲಿ ಮುನ್ಸೂಚನೆ ಬರೆಯುತ್ತಿದ್ದೆ. ಈ ವರ್ಷದಿಂದ ಮುನ್ಸೂಚನೆ ಬರೆಯುವುದನ್ನು ಬಿಟ್ಟಿದ್ದೇನೆ. ಸೊಕ್ಕು ಬಂದಿದೆ ಎಂದು ಕೆಲವರು ತಿಳಿದಿದ್ದಾರೆ ಎಂದು ಕೇಳಿದೆ, ಆದ್ದರಿಂದ ಕಾರಣವನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ.

ಮೊದಲು, ಏನನ್ನು ಮುಂಚಿತವಾಗಿ ತಿಳಿಯಬಹುದು ಎಂಬುದನ್ನು ನೋಡೋಣ. ಬೆಂಗಳೂರು, ಗೋವಾ, ಹೈದರಾಬಾದಿನಂಥ ಕಡೆಗಳಿಂದ ಹವಾಮಾನ ಇಲಾಖೆ ಬೆಳಗಿನ 5.30ರ ಲೆಕ್ಕಕ್ಕೆ ಬಲೂನು ಹಾರಿಸಿ, ಎತ್ತರ ಏರಿದಂತೆ ತಾಪಮಾನ, ತೇವ, ಗಾಳಿ ಹೇಗೆ ಬದಲಾಗುತ್ತವೆ ಎಂಬುದನ್ನು ಅಳೆಯುತ್ತದೆ. ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಆ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು. ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ತೇವದ ಗಾಳಿಯೂ ವಾಯುವ್ಯದಿಂದ ಬರುವ ಒಣಗಾಳಿಯೂ ಬೇಸಿಗೆಯಲ್ಲಿ ನಮ್ಮ ಒಳನಾಡಿನ ಮೇಲೆ ಒಂದು ಗೆರೆಯುದ್ದಕ್ಕೆ ಎದುರಾಗುತ್ತವೆ. ಮಹಾರಾಷ್ಟ್ರದಿಂದ ಕರ್ನಾಟಕದ ಒಳನಾಡನ್ನು ಹಾಯ್ದು ದಕ್ಷಿಣಕ್ಕೆ ಇಳಿಯುವ ಈ ಗೆರೆ ಇಲಾಖೆಯ ಪ್ರಕಟಣೆಗಳಲ್ಲಿ ಬಹುತೇಕ ದಿನವೂ ಕಾಣಿಸಿಕೊಳ್ಳುತ್ತದೆ. ಗೆರೆ ನಮ್ಮ ಹತ್ತಿರವಿದ್ದು, ಕೆಳಗೆ ತೇವವೂ ಮೇಲೆ ಒಣ ಮತ್ತು ತಂಪು ಗಾಳಿಯೂ ಇದ್ದರೆ, ಮೂರು ನಾಲ್ಕು ಜಿಲ್ಲೆಗಳಲ್ಲಿ ಎಲ್ಲಾದರೂ ಗುಡುಗು ಮೋಡ ಏಳಬಹುದು ಎನ್ನಲು ಬರುತ್ತದೆ. ಇಲಾಖೆಯ ಹಳದಿ, ಕಿತ್ತಳೆ ಎಚ್ಚರಿಕೆಗಳು ಹೇಳುವುದೂ ಅಷ್ಟನ್ನೇ.

ಆದರೆ ಆಲಿಕಲ್ಲು ಬೀಳುವುದು ಜಿಲ್ಲೆಯ ಮೇಲಲ್ಲ, ಹೊಲದ ಮೇಲೆ. ಅದರ ಪಟ್ಟಿಯ ಅಗಲ ಕೆಲವೊಮ್ಮೆ ಒಂದೆರಡು ಕಿಲೋಮೀಟರು ಮಾತ್ರ. ಹಳ್ಳದ ಈಚಿನ ತೋಟ ಬೋಳಾಗಿ, ಆಚಿನ ತೋಟದಲ್ಲಿ ಎಲೆಯೂ ಅಲುಗದಿದ್ದುದನ್ನು ಈ ಭಾಗದವರು ಎಲ್ಲರೂ ನೋಡಿದ್ದಾರೆ. ಅಂಥದ್ದನ್ನು ಮೂರು ಗಂಟೆ ಮೊದಲು ಊರಿನ ಹೆಸರು ಹಿಡಿದು ಹೇಳಬಲ್ಲೆ ಎನ್ನುವವನನ್ನು ನಂಬಬೇಡಿ. ಎರಡು ವರ್ಷದ ಹಿಂದಿನವರೆಗೆ ನಾನೂ ಹಾಗೆ ಹೇಳುತ್ತಿದ್ದೆ.

ಆ ವರ್ಷ ಮಾರ್ಚ್ ಕೊನೆಯ ಒಂದು ಸಂಜೆ ಜತ್ತದ ಕಡೆಯಿಂದ ಮೋಡ ಏರಿ ಬರುತ್ತಿತ್ತು. ಇನ್ಸಾಟ್ ಉಪಗ್ರಹದ ಚಿತ್ರದಲ್ಲಿ ಅದರ ನೆತ್ತಿ ಬೆಳ್ಳಗೆ ಉಬ್ಬಿತ್ತು, ದಾಮಿನಿ ಆ್ಯಪ್‌ನಲ್ಲಿ ಸಿಡಿಲಿನ ಗುರುತುಗಳು ಒಂದರ ಮೇಲೊಂದು ಬೀಳುತ್ತಿದ್ದವು. ನಾಲ್ಕು ಚಿತ್ರಗಳನ್ನು ಹೋಲಿಸಿ ನೋಡಿದ ನಾನು, ಮೋಡ ಉತ್ತರಕ್ಕೆ ಸರಿಯುತ್ತಿದೆ, ನಮ್ಮ ಗೊಡವೆಗೆ ಬರುವುದಿಲ್ಲ ಎಂದು ನಮ್ಮ ಕಾಕಾನಿಗೆ ಫೋನಿನಲ್ಲಿ ಹೇಳಿದೆ. ಮೋಡ ಉತ್ತರಕ್ಕೇ ಸರಿಯಿತು, ಅದರಲ್ಲಿ ತಪ್ಪಿರಲಿಲ್ಲ. ಆದರೆ ಸುರಿದ ಮಳೆಯಿಂದ ತಣ್ಣಗಾದ ಗಾಳಿ ನೆಲಕ್ಕೆ ಬಡಿದು, ಚೆಲ್ಲಿದ ನೀರು ಅಂಗಳದ ತುಂಬ ಹರಿದಂತೆ ನಮ್ಮ ಕಡೆಗೆ ಹರಿದು ಬಂತು. ಎದುರಿಗಿದ್ದ ಬಿಸಿ ಗಾಳಿಯನ್ನು ಅದು ಮೇಲಕ್ಕೆ ದೂಡಿದಾಗ ಹೊಸದೊಂದು ಮೋಡ ನಮ್ಮ ನೆತ್ತಿಯ ಮೇಲೆಯೇ ಎದ್ದಿತು. ನಲವತ್ತು ನಿಮಿಷದಲ್ಲಿ ಆಲಿಕಲ್ಲು ಶುರುವಾಯಿತು. ಗಾಳಿಗೆ ಓರೆಯಾಗಿ ಬಂದ ಕಲ್ಲು ಮತ್ತು ನೀರು ಕಾಕಾನ ಒಣದ್ರಾಕ್ಷಿ ಶೆಡ್ಡಿನ ಪಕ್ಕದಿಂದ ನುಗ್ಗಿ, ಒಣಗುತ್ತಿದ್ದ ಎರಡು ಸಾಲು ಹಣ್ಣು ಹಾಳಾಯಿತು.

ಕಾಕಾ ಬೈಯಲಿಲ್ಲ. ಮರುದಿನ ಚಹಾ ಕುಡಿಯುತ್ತ ಒಂದೇ ಮಾತು ಹೇಳಿದ: "ನೀ ಫೋನ್ ಮಾಡದಿದ್ರ ನಾ ಮುಗಿಲ ನೋಡಿ ತಾಡಪತ್ರಿ ಇಳಸ್ತಿದ್ದೆನಪಾ." ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ನನ್ನ ಮುನ್ಸೂಚನೆ ತಪ್ಪಾಯಿತೆಂಬುದಕ್ಕಿಂತ, ಅದು ಆತನ ಕಣ್ಣನ್ನು ಮುಚ್ಚಿತೆಂಬುದೇ ನನಗೆ ಹೆಚ್ಚು ಚುಚ್ಚಿತು. ತಂಗಾಳಿ ಒಮ್ಮೆಗೇ ಬೀಸಿದ್ದನ್ನು, ಪಡುವಣ ಮುಗಿಲು ಹಸಿರುಗಪ್ಪಾದದ್ದನ್ನು, ಮಳೆಯ ಕೋಲು ಬೂದಿಯ ಬದಲು ಬೆಳ್ಳಗೆ ಕಂಡದ್ದನ್ನು ಆತ ನೋಡಿದ್ದ. ಮಾಸ್ತರ ಬರುವುದಿಲ್ಲ ಎಂದಿದ್ದಾನಲ್ಲ ಎಂದು ಸುಮ್ಮನಾದ.

ರಾಡಾರ್ ನೋಡಿ ಹೇಳಬಹುದಲ್ಲ ಎಂದು ಓದಿದ ಗೆಳೆಯರು ಕೇಳುತ್ತಾರೆ. ಇದಕ್ಕೆ ಸ್ವಲ್ಪ ಲೆಕ್ಕ ಬೇಕು, ಗಣಿತದ ಮಾಸ್ತರನಿಗೆ ಆ ಸಲುಗೆ ಕೊಡಿ. ರಾಡಾರ್ ಎಂದರೆ ಕಿರಣ ಬಿಟ್ಟು, ಮೋಡಕ್ಕೆ ಬಡಿದು ಮರಳಿದ್ದನ್ನು ಓದುವ ಯಂತ್ರ. ಗೋವಾದ ಡಾಪ್ಲರ್ ರಾಡಾರ್ ವಿಜಯಪುರದಿಂದ ನೇರ ಗೆರೆಯಲ್ಲಿ ಸುಮಾರು 250 ಕಿ.ಮೀ. ದೂರದಲ್ಲಿದೆ, ಹೈದರಾಬಾದಿನದು 300 ಕಿ.ಮೀ. ಅರ್ಧ ಡಿಗ್ರಿ ಮೇಲಕ್ಕೆ ಮುಖ ಮಾಡಿ ಹೊರಟ ಕಿರಣವು, ಭೂಮಿ ದುಂಡಗಿರುವುದರಿಂದ, 250 ಕಿ.ಮೀ. ಸಾಗುವ ಹೊತ್ತಿಗೆ ಸುಮಾರು ಆರು ಕಿ.ಮೀ. ಎತ್ತರದಲ್ಲಿರುತ್ತದೆ. ಕಿರಣದ ಅಗಲ ಒಂದು ಡಿಗ್ರಿ ಎಂದಿಟ್ಟುಕೊಂಡರೆ ಅಷ್ಟು ದೂರದಲ್ಲಿ ಅದು ನಾಲ್ಕು ಕಿ.ಮೀ.ಗೂ ಹೆಚ್ಚು ದಪ್ಪವಾಗಿರುತ್ತದೆ. ಅಂದರೆ ಆ ರಾಡಾರ್ ನೋಡುವುದು ನಮ್ಮ ಮೋಡದ ಹೊಟ್ಟೆಯಿಂದ ಮೇಲಿನ ಭಾಗವನ್ನು, ಅದನ್ನೂ ಮಸುಕಾಗಿ. ಸೊಲ್ಲಾಪುರದಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ (ಐಐಟಿಎಂ) ಮೋಡಗಳ ಸಂಶೋಧನೆಗೆಂದು ರಾಡಾರ್ ಇಟ್ಟಿತ್ತು. ಅದು ನಮಗೆ ನೂರು ಕಿ.ಮೀ.ಗೂ ಹತ್ತಿರ, ಅಲ್ಲಿಂದ ಹೊರಟ ಅದೇ ಕಿರಣ ನಮ್ಮ ಮೇಲೆ ಒಂದೂವರೆ ಕಿ.ಮೀ. ಎತ್ತರದಲ್ಲಿ ಹಾಯುತ್ತದೆ. ದೂರದ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಇದರಿಂದ ತಿಳಿಯುತ್ತದೆ.

ಇಷ್ಟಾದರೂ ರಾಡಾರ್ ಹೇಳುವುದು ಮೋಡದಲ್ಲಿ ಹಿಮದ ಗಡ್ಡೆಗಳಿವೆ ಎಂಬುದನ್ನು. ಬೇಸಿಗೆಯಲ್ಲಿ ನಮ್ಮ ಮೇಲೆ ನೀರು ಹೆಪ್ಪುಗಟ್ಟುವ ಮಟ್ಟ ನಾಲ್ಕೂವರೆ ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಅಲ್ಲಿಂದ ಕೆಳಗೆ ಬರುವ ದಾರಿಯಲ್ಲಿ ಸಣ್ಣ ಕಲ್ಲುಗಳು ಕರಗಿ ದೊಡ್ಡ ಹನಿಗಳಾಗಿ ಬೀಳುತ್ತವೆ, ದೊಡ್ಡವು ಉಳಿಯುತ್ತವೆ. ಕೆಳಗಿನ ಗಾಳಿ ಒಣಗಿದ್ದಷ್ಟೂ ಕಲ್ಲಿನ ಮೈಮೇಲಿನ ನೀರು ಆವಿಯಾಗಿ ಅದನ್ನು ತಂಪಾಗಿಡುವುದರಿಂದ ಕರಗುವುದು ತಡವಾಗುತ್ತದೆ. ಕರಾವಳಿಗಿಂತ ನಮ್ಮ ಬಯಲುಸೀಮೆಯಲ್ಲಿ ಆಲಿಕಲ್ಲು ಹೆಚ್ಚು ನೆಲ ಮುಟ್ಟಲು ಇದೂ ಒಂದು ಕಾರಣ. ಕೊನೆಗೆ ನೆಲಕ್ಕೆ ಬಿದ್ದದ್ದು ಏನು ಎಂಬುದನ್ನು ನೆಲದ ಮೇಲೆ ನಿಂತವನೇ ಹೇಳಬೇಕು.

ಮಳೆಮಾಪಕ ಹೇಳುವುದಿಲ್ಲವೇ? ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳನ್ನು ಹರಡಿರುವುದು ದೊಡ್ಡ ಕೆಲಸ, ಮಳೆಯ ಮಟ್ಟಿಗೆ ನಾನು ಆ ಅಂಕಿಗಳನ್ನೇ ನೋಡುವುದು. ಆದರೆ ಮಾಪಕ ಎಂಥದೇ ಇರಲಿ, ಆಲಿಕಲ್ಲಿಗಾಗಿ ಮಾಡಿದ್ದಲ್ಲ. ನನ್ನ ಮಾಳಿಗೆಯ ಮೇಲೂ ಒಂದು ಸ್ವಯಂಚಾಲಿತ ಮಾಪಕವಿದೆ. ಅದರೊಳಗೆ ತೊಟ್ಟಿಲಿನಂತೆ ಅತ್ತಿತ್ತ ವಾಲುವ ಎರಡು ಪುಟ್ಟ ಬಟ್ಟಲುಗಳಿದ್ದು, ಒಂದು ತುಂಬಿ ವಾಲಿದಾಗಲೊಮ್ಮೆ ಎಣಿಕೆಯಾಗುತ್ತದೆ. ಆ ಮಾರ್ಚ್ ಸಂಜೆ ಸುರಿದ ಕಲ್ಲುಗಳಲ್ಲಿ ಕೆಲವು ಅಂಚಿಗೆ ಬಡಿದು ಹೊರಕ್ಕೆ ಪುಟಿದವು, ಉಳಿದವು ಆಲಿಕೆಯ ಬಾಯಲ್ಲಿ ಸಿಕ್ಕಿಕೊಂಡು ಕುಳಿತವು. ಮಳೆ ನಿಂತು ಮುಗಿಲು ಬಿಚ್ಚಿ ನಕ್ಷತ್ರ ಕಾಣುವ ಹೊತ್ತಿಗೆ ಅವು ಕರಗುತ್ತ ಬಂದು ಬಟ್ಟಲು ಟಕ್ ಟಕ್ ಎಂದು ವಾಲತೊಡಗಿತು. ಕಾಗದದ ಮೇಲೆ ನೋಡಿದರೆ ಅಂದು ನಮ್ಮಲ್ಲಿ ಸಾಧಾರಣ ಮಳೆ, ಅದೂ ಬಿರುಗಾಳಿ ಹೋದ ಮೇಲೆ, ಮೆಲ್ಲಗೆ ಜಿನುಗಿದ ಮಳೆ.

ಅಂದು ನಾನು ಮಾಡಿದ ಸರಿಯಾದ ಕೆಲಸ ಒಂದೇ. ತಲೆಯ ಮೇಲೆ ಬುಟ್ಟಿ ಹಿಡಿದು ಅಂಗಳಕ್ಕೆ ಇಳಿದು, ಮೂರು ಕಲ್ಲು ಆಯ್ದು ಡಬ್ಬಿಗೆ ಹಾಕಿ ಫ್ರಿಜ್ಜಿನ ಮಂಜುಪೆಟ್ಟಿಗೆಯಲ್ಲಿಟ್ಟೆ. ಶಾಲೆಯ ಪ್ರಯೋಗಾಲಯದಿಂದ ತಂದಿಟ್ಟುಕೊಂಡಿದ್ದ ವರ್ನಿಯರ್ ಕ್ಯಾಲಿಪರ್‌ನಲ್ಲಿ ದೊಡ್ಡದನ್ನು ಅಳೆದಾಗ 31 ಮಿಲಿಮೀಟರ್ ಬಂತು. ಬಿಸಿ ಮಾಡಿದ ಚಾಕುವಿನಿಂದ ಎರಡು ಹೋಳು ಮಾಡಿ ದೀಪಕ್ಕೆ ಹಿಡಿದೆ. ನಡುವೆ ಸಾಬೂದಾಣಿಯಂಥ ಬಿಳಿಯ ಕಣ್ಣು, ಅದರ ಸುತ್ತ ಗಾಜಿನಂಥ ತಿಳಿ ಪದರ, ಮತ್ತೆ ಹಾಲು ಬಣ್ಣದ ಪದರ, ಹೊರಗೆ ಮತ್ತೆ ಗಾಜು. ಮೋಡದೊಳಗೆ ಸೊನ್ನೆಗಿಂತ ತಂಪಾಗಿದ್ದೂ ಹೆಪ್ಪುಗಟ್ಟದೆ ತೇಲುವ ನೀರಹನಿಗಳು ಕಲ್ಲಿಗೆ ತಾಗಿ ಕೂಡಲೇ ಗಟ್ಟಿಯಾದರೆ ಗಾಳಿಯ ಗುಳ್ಳೆಗಳು ಒಳಗೆ ಸಿಕ್ಕಿ ಪದರ ಬೆಳ್ಳಗಾಗುತ್ತದೆ. ನೀರು ಹೆಚ್ಚಾಗಿ, ಮೈಮೇಲೆ ಹರಡಿ ನಿಧಾನವಾಗಿ ಗಟ್ಟಿಯಾದರೆ ತಿಳಿಯಾಗುತ್ತದೆ. ಎಷ್ಟು ಉಂಗುರವೋ ಅಷ್ಟು ಸಲ ಕಲ್ಲು ಮೇಲೆ ಕೆಳಗೆ ಹೋಗಿ ಬಂದಿದೆ ಎಂದು ನಾವು ಶಾಲೆಯಲ್ಲಿ ಕಲಿಸುತ್ತ ಬಂದಿದ್ದೇವೆ. ಈಗಿನ ತಿಳಿವಳಿಕೆ ಬೇರೆ: ಮೇಲೇರುವ ಗಾಳಿಯನ್ನು ಒಂದೇ ಸಲ ಹಾಯುವಾಗ ನೀರು ಹೆಚ್ಚಿರುವ, ಕಡಿಮೆ ಇರುವ ಕಡೆಗಳನ್ನು ದಾಟಿದರೂ ಉಂಗುರಗಳು ಮೂಡುತ್ತವೆ. ಇದನ್ನು ಮಕ್ಕಳಿಗೆ ತಿದ್ದಿ ಹೇಳಿದ್ದೇನೆ.

ಗಾತ್ರಕ್ಕೆ ಇಷ್ಟೇಕೆ ಒದ್ದಾಟ ಎಂದರೆ, ಕಲ್ಲಿನ ಅಡ್ಡಳತೆ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಬೀಳುವ ವೇಗವೂ ಏರುತ್ತದೆ, ಎರಡೂ ಕೂಡಿ ಹೊಡೆತದ ಶಕ್ತಿ ಸುಮಾರು ಹದಿನಾರು ಪಟ್ಟಾಗುತ್ತದೆ. ಜೋಳದ ಕಾಳಿನಷ್ಟಿದ್ದದ್ದಕ್ಕೂ ಗೋಲಿಯಷ್ಟಿದ್ದದ್ದಕ್ಕೂ "ಆಣಿಕಲ್ಲ ಬಿತ್ರಿ" ಎಂಬ ಒಂದೇ ವರದಿ ಸಾಲುವುದಿಲ್ಲ. 1888ರ ಏಪ್ರಿಲ್ 30ರಂದು ಮುರಾದಾಬಾದಿನ ಬಳಿ ಆಲಿಕಲ್ಲಿಗೆ 246 ಜನ ಸತ್ತದ್ದು, 1986ರಲ್ಲಿ ಬಾಂಗ್ಲಾದೇಶದ ಗೋಪಾಲಗಂಜಿನಲ್ಲಿ 1.02 ಕಿಲೋ ತೂಕದ ಕಲ್ಲು ಬಿದ್ದದ್ದು ಇಂದಿಗೂ ವಿಶ್ವ ದಾಖಲೆಗಳಾಗಿ ಉಳಿದಿರುವುದು ಯಾರೋ ಎಣಿಸಿದ್ದರಿಂದ, ತೂಗಿದ್ದರಿಂದ. ಅಮೆರಿಕದ ದಕ್ಷಿಣ ಡಕೋಟಾದ ವಿವಿಯನ್ ಎಂಬ ಊರಿನಲ್ಲಿ 2010ರಲ್ಲಿ ಬಿದ್ದ 20 ಸೆಂ.ಮೀ. ಅಗಲದ ಕಲ್ಲು ನಿಜಕ್ಕೂ ಇನ್ನೂ ದೊಡ್ಡದಿತ್ತಂತೆ. ಕರೆಂಟು ಹೋಗಿ, ಅಳೆಯುವ ಮೊದಲೇ ಒಂದಿಷ್ಟು ಕರಗಿಹೋಯಿತು. ಓದಿದಾಗ ನಮ್ಮ ಊರಿನ ಕಥೆಯೇ ಅನ್ನಿಸಿತು.

ಇದು ಬರಿಯ ಹವ್ಯಾಸದ ಮಾತಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ದ್ರಾಕ್ಷಿಯಂಥ ತೋಟದ ಬೆಳೆಗೆ ಇರುವ ಹವಾಮಾನ ಆಧಾರಿತ ವಿಮೆ ಮುಖ್ಯವಾಗಿ ಮಾಪಕದ ಅಂಕಿಗಳನ್ನು ನಂಬಿ ನಡೆಯುತ್ತದೆ, ಮಾಪಕಕ್ಕೆ ಆಲಿಕಲ್ಲು ಕಾಣದು. ಹೊಲದಲ್ಲಿ ಮಂಜುಗಡ್ಡೆ ಅರ್ಧ ತಾಸು ಉಳಿದರೆ ಹೆಚ್ಚು. ಪರಿಚಯದ ಬೆಳೆಗಾರರೊಬ್ಬರ ತೋಟಕ್ಕೆ ನಾಲ್ಕನೆಯ ದಿನ ಸಮೀಕ್ಷೆಗೆ ಬಂದವರು, ಎಲೆ ಹರಿದದ್ದು ಗಾಳಿಗೋ ಕಲ್ಲಿಗೋ ಎಂದು ಕೇಳಿದರು. ಕೇಳಿದ್ದು ತಪ್ಪಲ್ಲ. ಬೆಳೆಗಾರರ ಬಳಿ ಅಂಗೈಯಲ್ಲಿ ಕಲ್ಲು ಹಿಡಿದ ಹತ್ತು ಚಿತ್ರಗಳಿದ್ದವು, ಅಳತೆಗೆ ಪಕ್ಕದಲ್ಲಿ ಏನೂ ಇರಲಿಲ್ಲ, ಅವನ್ನು ಗುಂಪಿನಲ್ಲಿ ಹಂಚಿ ಹಂಚಿ ಯಾವುದು ಯಾರ ಹೊಲದ್ದು ಎಂಬುದೇ ಕಲಸಿಹೋಗಿತ್ತು. ಅದೇ ವಾರ ಯಾವುದೋ ದೇಶದ ಹಿಮದ ಚಿತ್ರ "ವಿಜಯಪುರದಲ್ಲಿ ಹಿಮಪಾತ" ಎಂಬ ತಲೆಬರಹದೊಂದಿಗೆ ಓಡಾಡುತ್ತಿತ್ತು. ಅದನ್ನು ನನಗೆ ಕಳಿಸಿದ ಏಳು ಜನರಲ್ಲಿ ಇಬ್ಬರು ನನ್ನ ಸಹೋದ್ಯೋಗಿಗಳು!

ಅಂದಹಾಗೆ, ಸದ್ದು ಮಾಡಿ ಆಲಿಕಲ್ಲು ಒಡೆಯುವ ತೋಪನ್ನು ಕೊಳ್ಳಬೇಕೇ ಎಂದು ಕೇಳಿದವರಿಗೆ: ಅದು ಕೆಲಸ ಮಾಡುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಆ ದುಡ್ಡನ್ನು ಬಲೆಗೆ ಹಾಕಿ. ಹಿಮಾಚಲದ ಸೇಬಿನ ತೋಟಗಳವರು ಬಲೆ ಕಟ್ಟುತ್ತಾರೆ.

ಹಾಗಾಗಿ ನನಗೆ ಇನ್ನು ಮುಂದೆ "ಬೀಳ್ತಾವೇನ್ರಿ" ಎಂದು ಕೇಳಬೇಡಿ, "ಬಿದ್ದಾವ್ರಿ" ಎಂದು ತಿಳಿಸಿ. ಮುನ್ನೆಚ್ಚರಿಕೆಗೆ ಇಲಾಖೆಯ ಪ್ರಕಟಣೆಯಿದೆ, ನಿಮ್ಮ ತಲೆಯ ಮೇಲಿನ ಮುಗಿಲಿದೆ. ನನಗೆ ಬೇಕಾದದ್ದು ಊರು, ಶುರುವಾದ ಹೊತ್ತು, ನಿಂತ ಹೊತ್ತು, ಮತ್ತು ಹತ್ತು ರೂಪಾಯಿ ನಾಣ್ಯದ ಪಕ್ಕದಲ್ಲಿಟ್ಟು ತೆಗೆದ ಅತಿ ದೊಡ್ಡ ಕಲ್ಲಿನ ಚಿತ್ರ. ಆ ನಾಣ್ಯದ ಅಗಲ 27 ಮಿ.ಮೀ., ಅದು ಬಿಜಾಪುರದಲ್ಲೂ ಅಷ್ಟೇ, ಬೀದರಿನಲ್ಲೂ ಅಷ್ಟೇ. ಸಿಡಿಲು ಹೊಡೆಯುತ್ತಿರುವಾಗ ಹೊರಗೆ ಬರಬೇಡಿ, ಕಲ್ಲು ಐದು ನಿಮಿಷದಲ್ಲಿ ಪೂರ್ತಿ ಕರಗುವುದಿಲ್ಲ. ಬೀಳಲಿಲ್ಲ ಎಂಬುದನ್ನೂ ತಿಳಿಸಿ, ಏಕೆಂದರೆ ಪಟ್ಟಿಯ ಅಂಚು ಎಲ್ಲಿತ್ತು ಎಂದು ನನಗೆ ಗೊತ್ತಾಗುವುದು ಬೀಳದ ಊರುಗಳಿಂದ.

ಕಳೆದ ವಾರ ರಾತ್ರಿ ಎಂಟಕ್ಕೆ ಕಾಕಾನ ಫೋನು ಬಂತು. ಆತನಿಗೆ ಫೋನಿನಲ್ಲಿ ಚಿತ್ರ ತೆಗೆಯಲು ಬರುವುದಿಲ್ಲ, ನಾಣ್ಯವೂ ಕೈಗೆ ಸಿಕ್ಕಿರಲಿಲ್ಲ. "ಬರ್ಕೋ" ಎಂದ. "ಆರೂ ಹತ್ತಕ್ಕ ಶುರು, ಆರೂ ಹದಿನೆಂಟಕ್ಕ ನಿಂತು. ಅಡಕಿಗಿಂತ ದೊಡ್ಡವು, ಇಂಡಿ ಲಿಂಬಿಗಿಂತ ಸಣ್ಣವು. ತಾಡಪತ್ರಿ ಐದೂವರಿಗೇ ಇಳಿಸಿದ್ದೆ." ಬರೆದುಕೊಂಡೆ.