ಒಂದೇ ದಿನದ ಮಂಗಳೂರು: ಮ್ಯೂಸಿಯಂ ನೋಡಬೇಕಾ, ಕಡಲು ಸಾಕಾ?

ಬೆಳಗಿನ ಜಾವ ಘಟ್ಟ ಇಳಿದು, ರಾತ್ರಿಯೊಳಗೆ ಮನೆ ಸೇರುವುದು. ಹಾಸನ, ಚಿಕ್ಕಮಗಳೂರಿನವರ ಮಂಗಳೂರು ಪ್ರವಾಸ ಬಹಳ ಸಲ ಹೀಗೇ ಇರುತ್ತದೆ. ಸಿಗುವ ಆರೇಳು ಗಂಟೆಯಲ್ಲಿ ಮ್ಯೂಸಿಯಂ, ಚಿತ್ರ, ಕೋಟೆ ಅಂತ ಸುತ್ತಬೇಕಾ? ಇಬ್ಬರನ್ನು ಕೇಳಿದೆವು.

ಪರ: ಹೆಂಚಿನ ಮನೆಯವರು ನೋಡಲೇಬೇಕು
(ಸಕಲೇಶಪುರದ ಶಿಕ್ಷಕಿ)

ನಮ್ಮ ಮನೆಯ ಅಟ್ಟದಲ್ಲಿ ಒಂದು ಒಡಕು ಹೆಂಚಿದೆ. ಅದರ ಮೇಲೆ ಬಾಸೆಲ್ ಮಿಷನ್ ಎಂಬ ಅಚ್ಚು, ಜೊತೆಗೆ 1865 ಎಂಬ ಇಸವಿ. ಚಿಕ್ಕವಳಿದ್ದಾಗ ಅದು ಆ ಹೆಂಚು ಸುಟ್ಟ ವರ್ಷ ಅಂದುಕೊಂಡಿದ್ದೆ. ಅಲ್ಲ. ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ವರ್ಷ ಅದು. ನೇತ್ರಾವತಿ ದಡದ ಜೇಡಿಮಣ್ಣು ಸುಟ್ಟು, ಹೆಂಚಾಗಿ, ನಮ್ಮ ಮಳೆಗೆ ಒಡ್ಡಿಕೊಂಡು ನಮ್ಮ ಸೂರಾಯಿತು. ನಮ್ಮ ತೋಟಗಳ ಕಾಫಿ ಘಟ್ಟ ಇಳಿದು ಮಂಗಳೂರಿಗೆ ಹೋಯಿತು, ಅಲ್ಲಿನ ಹೆಂಚು ಘಟ್ಟ ಹತ್ತಿ ಇಲ್ಲಿಗೆ ಬಂತು. ಇಷ್ಟು ಹತ್ತಿರದ ನೆಂಟಸ್ತಿಕೆ ಇರುವ ಊರಿಗೆ ಹೋಗಿ ಬರೀ ಕಾಲು ಒದ್ದೆ ಮಾಡಿಕೊಂಡು ಬರುವುದು ಹೇಗೆ?

ನಾನು ಎಂಟನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಮೊದಲು ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ. ಗೋಡೆ, ಚಾವಣಿ ಎಲ್ಲ ಚಿತ್ರ. ಅಂತೋನಿಯೊ ಮೊಸ್ಕೇನಿ ಎಂಬ ಇಟಲಿಯ ಕ್ರೈಸ್ತ ಸನ್ಯಾಸಿ 1899ರಿಂದ ಸುಮಾರು ಎರಡು ವರ್ಷ ಕೂತು ಬರೆದದ್ದು. ಹಸಿ ಗಾರೆ ಒಣಗುವ ಮುಂಚೆಯೇ ಬಣ್ಣ ಹಚ್ಚಬೇಕು. ಸುಣ್ಣ ಗಟ್ಟಿಯಾಗುವಾಗ ಬಣ್ಣವೂ ಗೋಡೆಯ ಭಾಗವೇ ಆಗಿಬಿಡುತ್ತದೆ. ತಪ್ಪಾದರೆ ಒರೆಸಿ ತಿದ್ದುವ ಹಾಗಿಲ್ಲ, ಗಾರೆ ಕೆತ್ತಿ ತೆಗೆದು ಮತ್ತೆ ಹಚ್ಚಬೇಕು. ಇದನ್ನು ಹೇಳಿದ ಮೇಲೆ ಮಕ್ಕಳು ನೋಡುವ ರೀತಿಯೇ ಬದಲಾಗುತ್ತದೆ.

ಒಂದು ಸಲ ಒಬ್ಬ ಹುಡುಗಿ ಗೋಡೆಯ ಮೇಲಿನ ಅಂಚನ್ನು ತುಂಬ ಹೊತ್ತು ದಿಟ್ಟಿಸಿ, "ಟೀಚರ್, ಇದು ಕೆತ್ತಿದ್ದಲ್ಲ, ಬರೆದದ್ದು" ಅಂದಳು. ಅವಳ ಅಜ್ಜಿ ಮನೆ ಹಳೇಬೀಡು. ನಿಜವಾದ ಕೆತ್ತನೆ ನೋಡಿ ಬೆಳೆದ ಕಣ್ಣು. ಹಾಗಾಗಿಯೇ ಬಣ್ಣದ ಕೆತ್ತನೆ ಅವಳಿಗೆ ಬೇಗ ಗೊತ್ತಾಯಿತು. ನಮ್ಮ ಮಕ್ಕಳಿಗಿಂತ ಚೆನ್ನಾಗಿ ಇದನ್ನು ನೋಡಬಲ್ಲವರು ಯಾರಿದ್ದಾರೆ?

ಕದ್ರಿ ದೇವಸ್ಥಾನದ ಲೋಕೇಶ್ವರನನ್ನೂ ತೋರಿಸುತ್ತೇನೆ. ಕಂಚಿನ ಮೂರ್ತಿ, ಆಳುಪ ದೊರೆ ಕುಂದವರ್ಮನ ಕಾಲದ್ದು, ಇಸವಿ 968. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಅಂದರೆ ನಾವು ಬಳಪದ ಕಲ್ಲಿನಲ್ಲಿ ಬೇಲೂರು ಕಟ್ಟುವುದಕ್ಕೆ ಸುಮಾರು ನೂರೈವತ್ತು ವರ್ಷ ಮೊದಲೇ ಕಡಲ ಕಡೆಯವರು ಲೋಹದಲ್ಲಿ ಇಂಥದ್ದು ಎರಕ ಹೊಯ್ದಿದ್ದರು. ಇದನ್ನು ಪಾಠ ಮಾಡಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಎದುರಿಗೆ ನಿಲ್ಲಿಸಿ ಹೇಳಿದರೆ ಲೆಕ್ಕ ಹಾಕುತ್ತಾರೆ.

ಸುಲ್ತಾನ್ ಬತ್ತೇರಿಯನ್ನಂತೂ ಬಿಡಲೇಬಾರದು. ಗುರುಪುರ ಹೊಳೆಗೆ ಶತ್ರುಗಳ ಯುದ್ಧದ ಹಡಗು ನುಗ್ಗದಿರಲಿ ಅಂತ ಟಿಪ್ಪು 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಗೋಪುರ. ಚಿಕ್ಕದು, ಹತ್ತು ನಿಮಿಷ ಸಾಕು. ಆದರೆ ನಮ್ಮ ಸಕಲೇಶಪುರದ ಹತ್ತಿರದ ಮಂಜರಾಬಾದಿನ ನಕ್ಷತ್ರದ ಕೋಟೆ ಅದೇ ಟಿಪ್ಪು 1792ರಲ್ಲಿ ಕಟ್ಟಿಸಿದ್ದು. ದಾರಿಯ ಮೇಲ್ತುದಿಗೆ ಒಂದು ಕಾವಲು, ನೀರಿನ ಬಾಯಿಗೆ ಒಂದು ಕಾವಲು. ಮಂಜರಾಬಾದಿನಲ್ಲಿ ದಿನಾ ಆಟವಾಡುವ ಮಕ್ಕಳು ಬತ್ತೇರಿಯ ಗೋಡೆಯ ಕಿಂಡಿಯಲ್ಲಿ ಕಣ್ಣಿಟ್ಟಾಗ ಅವರಿಗೆ ತಮ್ಮ ಕೋಟೆ ಮೊದಲ ಸಲ ಅರ್ಥವಾಗುತ್ತದೆ.

ಬಿಜೈನ ಶ್ರೀಮಂತಿ ಬಾಯಿ ವಸ್ತುಸಂಗ್ರಹಾಲಯ ಹಡಗಿನ ಆಕಾರದ ಬಂಗಲೆ. ಕರ್ನಲ್ ಮಿರಾಜ್‌ಕರ್ ಎಂಬ ವೈದ್ಯರು ತಾಯಿಯ ಹೆಸರಿನಲ್ಲಿ ಬಿಟ್ಟುಕೊಟ್ಟ ಮನೆ. ತನ್ನ ಮನೆಯನ್ನೇ ಊರಿಗೆ ಕೊಟ್ಟವರಿದ್ದರು ಎಂಬುದನ್ನು ಮಕ್ಕಳು ತಿಳಿಯಬೇಕು ಅಲ್ವಾ?

ಹೊತ್ತು ಸಾಲುವುದಿಲ್ಲ ಅನ್ನುತ್ತಾರೆ. ಮೀನೂಟಕ್ಕೆ ಒಂದೂವರೆ ಗಂಟೆ, ಮಾಲ್‌ಗೆ ಎರಡು ಗಂಟೆ, ಮರಳಿನ ಮೇಲೆ ಸೆಲ್ಫಿಗೆ ಮೂರು ಗಂಟೆ ಇಟ್ಟವರೇ ಹೀಗೆ ಹೇಳುವುದು. ಅಂಥವರಿಗೆ ಮೂರು ದಿನ ಕೊಟ್ಟರೂ ಸಾಲದು. ಕಡಲು ಎಲ್ಲಿಗೂ ಹೋಗುವುದಿಲ್ಲ. ಎಂಟನೇ ತರಗತಿಯ ವಯಸ್ಸು ಹೋಗುತ್ತದೆ.

ವಿರೋಧ: ಒಂದು ದಿನಕ್ಕೆ ಕಡಲೇ ಸಾಕು
(ಚಿಕ್ಕಮಗಳೂರಿನ ಓದುಗರು)

ನನಗೆ ಈ ಬದಿ ಬರೆಯಲು ಹೇಳಿದ್ದಾರೆ. ನಾನು ಮ್ಯೂಸಿಯಂಗಳ ವಿರೋಧಿಯಲ್ಲ. ಆ ಚಾಪೆಲ್ ನನಗೂ ಇಷ್ಟ. ನಾನು ಹೇಳುವುದು ಒಂದೇ ದಿನದ ಪ್ರವಾಸದ ಬಗ್ಗೆ ಮಾತ್ರ.

ಚಿಕ್ಕಮಗಳೂರಿನಿಂದ ಚಾರ್ಮಾಡಿ ಇಳಿದು ಹೋದರೆ ಸುಮಾರು 150 ಕಿಲೋಮೀಟರ್. ಹೋಗಿ ಬರುವುದರಲ್ಲೇ ಅರ್ಧ ದಿನಕ್ಕಿಂತ ಜಾಸ್ತಿ ಹೋಗುತ್ತದೆ. ನೋಡಲೇಬೇಕೆಂದರೆ ನಮ್ಮಲ್ಲಿ ಕಡಿಮೆ ಇದೆಯಾ? ಹಳೇಬೀಡಿನ ದೇವಸ್ಥಾನದ ಅಂಗಳದಲ್ಲೇ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಹಾಸನದ ಮಹಾರಾಜ ಪಾರ್ಕ್‌ನಲ್ಲಿ ಸರ್ಕಾರಿ ಮ್ಯೂಸಿಯಂ ಇದೆ. ನಮ್ಮ ಊರಿನಲ್ಲಿ ಕಾಫಿಯದ್ದೇ ಒಂದಿದೆ. 2023ರಲ್ಲಿ ಬೇಲೂರು, ಹಳೇಬೀಡು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇವನ್ನು ಬಿಡುವು ಸಿಕ್ಕ ಭಾನುವಾರ ನೋಡಬಹುದು. ನಮ್ಮಲ್ಲಿ ಇಲ್ಲದಿರುವುದು ಕಡಲು ಒಂದೇ.

ಇನ್ನೂ ಕೆಲವು ಕಾರಣ ಬರೆಯೋಣ ಅಂದುಕೊಂಡಿದ್ದೆ. ಆದರೆ ನನಗೆ ನೆನಪಾಗುವುದು ಅಮ್ಮನ ವಿಷಯವೇ.

ಅಮ್ಮನಿಗೆ ಆಗ ಅರವತ್ತೆಂಟು. ಹುಟ್ಟಿದ್ದು ಮೂಡಿಗೆರೆ ಕಡೆ, ಜೀವನವೆಲ್ಲ ತೋಟದಲ್ಲೇ. ಕಡಲು ನೋಡಿರಲಿಲ್ಲ. ಒಂದು ಡಿಸೆಂಬರ್‌ನಲ್ಲಿ ಕರೆದುಕೊಂಡು ಹೋದೆ. ನಾನೇ ಪಟ್ಟಿ ಮಾಡಿದ್ದೆ. ಚಾಪೆಲ್, ಕಾಲೇಜಿನ ಮ್ಯೂಸಿಯಂ, ಕದ್ರಿ, ಬಿಜೈ, ಆಮೇಲೆ ಪಿಲಿಕುಳದ ನಿಸರ್ಗಧಾಮ. ಕೊನೆಗೆ ಪಣಂಬೂರು ಕಡಲ ತೀರ. ಅಮ್ಮ ಎಲ್ಲ ಕಡೆ ಸುಮ್ನೆ ಬಂದರು. ಮೆಟ್ಟಿಲು ಹತ್ತಿದರು, ನಾನು ಓದಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಮಧ್ಯಾಹ್ನ ಒಂದೇ ಸಲ "ಕಡಲು ಇನ್ನೂ ದೂರಾನಾ?" ಅಂತ ಕೇಳಿದರು. "ಸಂಜೆ ಹೋಗೋಣ, ಸೂರ್ಯ ಮುಳುಗುವಾಗ ಚೆನ್ನಾಗಿರುತ್ತೆ" ಅಂದೆ.

ಪಿಲಿಕುಳದಲ್ಲಿ ಹೊತ್ತು ಹೋಯಿತು. ದಾರಿಯಲ್ಲಿ ಟ್ರಾಫಿಕ್. ಡಿಸೆಂಬರ್‌ನಲ್ಲಿ ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ನಾವು ತೀರ ಮುಟ್ಟಿದಾಗ ಏಳಾಗಿತ್ತು. ಎದುರಿಗೆ ಕತ್ತಲು. ದೂರದಲ್ಲಿ ಹಡಗುಗಳ ದೀಪ ಮಾತ್ರ. ಅಲೆಯ ಬಿಳಿ ಅಂಚು ಕಾಲ ಹತ್ತಿರ ಬಂದಾಗಷ್ಟೇ ಕಾಣುತ್ತಿತ್ತು.

ಅಮ್ಮ ಚಪ್ಪಲಿ ಬಿಟ್ಟು ನೀರಿಗೆ ಕೈ ಮುಗಿದರು. "ಎಷ್ಟು ದೊಡ್ಡದಿದೆ ಇದು?" ಅಂತ ಕೇಳಿದರು. ನಾನು ಕತ್ತಲಿಗೆ ಕೈ ತೋರಿಸಿದೆ.

ಮಾರನೇ ವರ್ಷ ಅವರ ಮಂಡಿ ನೋವು ಜಾಸ್ತಿಯಾಯಿತು. ಈಗ ಚಾರ್ಮಾಡಿಯ ತಿರುವುಗಳು ಅವರಿಂದ ಆಗುವುದಿಲ್ಲ. ಅಕ್ಕಪಕ್ಕದವರು ಮಂಗಳೂರಿನ ಬಗ್ಗೆ ಕೇಳಿದರೆ ಚಾಪೆಲ್ ಬಗ್ಗೆಯಾಗಲಿ, ಕದ್ರಿ ಬಗ್ಗೆಯಾಗಲಿ ಏನೂ ಹೇಳುವುದಿಲ್ಲ. ಕಡಲಿನ ಸದ್ದು ಆಷಾಢದಲ್ಲಿ ಸಿಲ್ವರ್ ಓಕ್ ಮರಗಳಿಗೆ ಗಾಳಿ ನುಗ್ಗಿದ ಹಾಗಿತ್ತು ಅನ್ನುತ್ತಾರೆ.