ಹೆಂಚಿಗೆ ಚಂದಾ

ರಸೀದಿ ಪುಸ್ತಕ ಅಚ್ಚಾಗಿ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು 'ನಿರ್ಮಾಣ ಸಮಿತಿ' ಅನ್ನೋ ಪದ. ಕೊಡಗಿನ ಒಂದು ಮನೆತನದ, ನೂರು ವರ್ಷ ದಾಟಿದ ಮೂಲ ಮನೆ. ಅದನ್ನು ಇನ್ನೇನು ನಿರ್ಮಾಣ ಮಾಡೋದು? ಪ್ರೆಸ್ಸಿನವರನ್ನು ಕೇಳಿದರೆ, "ದೇವಸ್ಥಾನದ್ದು, ಸಮುದಾಯ ಭವನದ್ದು ಎಲ್ಲಾ ಹೀಗೇ ಹೊಡೆಯೋದು ಸಾರ್, ಮ್ಯಾಟರ್ ರೆಡಿ ಇತ್ತು" ಅಂದರು. ಹತ್ತು ಪುಸ್ತಕ, ಒಂದೊಂದರಲ್ಲಿ ನೂರು ಹಾಳೆ. ಮತ್ತೆ ಅಚ್ಚು ಹಾಕಿಸುವಷ್ಟು ದುಡ್ಡಿದ್ದಿದ್ದರೆ ಚಂದಾ ಎತ್ತೋಕೆ ಯಾಕೆ ಹೊರಡುತ್ತಿದ್ದೆವು? ಪೆನ್ನಿನಲ್ಲಿ ಹೊಡೆದು ಹಾಕಿ 'ನಿರ್ವಹಣೆ' ಅಂತ ಬರೆಯೋಣ ಅಂತ ತೀರ್ಮಾನವಾಯಿತು.

ನಾನು ಮಡಿಕೇರಿಯಲ್ಲಿ ಬೆಳೆದವನು. ಅಪ್ಪ ಅಂಚೆ ಇಲಾಖೆಯಲ್ಲಿದ್ದರು. ನಮಗೆ ಇದ್ದದ್ದು ಬಾಡಿಗೆ ಮನೆ. ಈಗ ಇಪ್ಪತ್ತೆರಡು ವರ್ಷದಿಂದ ಅಮೆರಿಕದ ವರ್ಜೀನಿಯಾದಲ್ಲಿದ್ದೇನೆ. ಅಲ್ಲಿ ಊರಾಚೆ ಒಂದು ಹಳೇ ಮನೆ ಮ್ಯೂಸಿಯಂ ಆಗಿದೆ. ಶನಿವಾರ ಸುಮ್ನೆ ನೋಡೋಕೆ ಹೋಗುತ್ತಿದ್ದವನನ್ನು ಹಿಡಿದು ದೇಣಿಗೆ ಸಮಿತಿಗೆ ಹಾಕಿಕೊಂಡರು. ಆರು ವರ್ಷವಾಯಿತು. ಹೋದ ಸಲ ಊರಿಗೆ ಬಂದಾಗ ಶಾಲೆಯ ಗೆಳೆಯ ಇದನ್ನೇ ಹಿಡಿದುಕೊಂಡ. ಅವನ ಒಕ್ಕದ ಐನ್‌ಮನೆ ನಾಪೋಕ್ಲು ಕಡೆ ಇದೆ. ಅದನ್ನು ನಾಲ್ಕು ಜನ ನೋಡುವ ಹಾಗೆ ಮಾಡಬೇಕು, ಅದಕ್ಕೂ ಮೊದಲು ಬೀಳದ ಹಾಗೆ ಮಾಡಬೇಕು. "ನೀನು ಅಲ್ಲಿ ಇದೇ ಕೆಲಸ ಮಾಡ್ತೀಯಲ್ಲ, ಇಲ್ಲೂ ಮುಂದೆ ನಿಂತ್ಕೊ."

"ನಿಮ್ಮ ಒಕ್ಕದ ಮನೆಗೆ ನಾನು ಚಂದಾ ಕೇಳೋದು ಹೇಗೋ ಮಾರಾಯ?"

"ಅದಕ್ಕೇ ನೀನು. ನಮ್ಮಲ್ಲಿ ಯಾರು ಕೇಳಿದ್ರೂ ಇವನು ಎಷ್ಟು ಹೊಡ್ಕೊಂಡ ಅಂತಾರೆ."

ಐನ್‌ಮನೆ ನೋಡದವರಿಗೆ ಎರಡು ಮಾತು. ಅದು ಒಬ್ಬರ ಮನೆಯಲ್ಲ. ಒಕ್ಕದ, ಅಂದರೆ ಒಂದೇ ಮೂಲದ ಇಡೀ ಮನೆತನದ ಮನೆ. ಮುಂದೆ ಕೈಯಾಲೆ, ಅಂದರೆ ಉದ್ದದ ಜಗಲಿ. ಕಂಬದಿಂದ ಕಂಬಕ್ಕೆ ಐಮರ ಅನ್ನೋ ಅಗಲದ ಹಲಗೆ, ಕೂತು ಕೂತು ನುಣುಪಾಗಿರುತ್ತದೆ. ಒಳಗೆ ನೆಲ್ಲಕ್ಕಿ ನಡುಮನೆಯಲ್ಲಿ ಹಿರಿಯರ ದೀಪ. ಪುತ್ತರಿ, ಕೈಲ್‌ಪೊಳ್ದ್ ಹಬ್ಬಕ್ಕೆ ಎಲ್ಲರೂ ಅಲ್ಲಿ ಸೇರುತ್ತಾರೆ. ಉಳಿದ ದಿನ ಹೆಚ್ಚಿನ ಐನ್‌ಮನೆಗಳಲ್ಲಿ ಒಬ್ಬಿಬ್ಬರು ವಯಸ್ಸಾದವರು, ಒಂದು ನಾಯಿ. ಹಿಂದೆ ಹುಲ್ಲಿನ ಮಾಡು ಇತ್ತಂತೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹೆಂಚು ಘಟ್ಟ ಹತ್ತಿತು.

ಹೆಂಚಿನ ಮಾಡು ಅಂದರೆ ಒಮ್ಮೆ ಹೊದೆಸಿ ಮರೆಯುವುದಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಕೈಯಾಡಿಸಬೇಕು. ಪಾಚಿ ಕೆರೆಯಬೇಕು, ಒಡೆದದ್ದು ತೆಗೆಯಬೇಕು, ರೀಪು, ಅಂದರೆ ಹೆಂಚು ಕೂರುವ ಮರದ ಪಟ್ಟಿ, ನೋಡಬೇಕು. ಎರಡು ವರ್ಷ ಬಿಟ್ಟರೆ ಒಂದು ಹೆಂಚಿನ ಸಂದಿಯಿಂದ ನೀರು ಇಳಿದು ಮಾಡು ಹೊರುವ ಮರ, ಅಂದರೆ ಪಕ್ಕಾಸು, ಕೊಳೆಯುತ್ತದೆ. ಆಮೇಲೆ ಗೆದ್ದಲು. ನಾನು ಹೋದ ದಿನ ನೆಲ್ಲಕ್ಕಿಯಲ್ಲಿ ದೀಪದಿಂದ ಮೂರಡಿ ದೂರದಲ್ಲಿ ಒಂದು ನೀಲಿ ಬಕೆಟ್ ಇತ್ತು. ಹನಿ ಬೀಳುವ ಸದ್ದು ಕೇಳಬಾರದು ಅಂತ ಒಳಗೆ ಒಂದು ಹಳೇ ಬನಿಯನ್ ಹಾಕಿಟ್ಟಿದ್ದರು.

ಕೊಡಗಿನವರು ಕೈ ಬಿಗಿ ಅಂತ ಯಾರಾದರೂ ಹೇಳಿದರೆ ನಾನು ಒಪ್ಪೋದಿಲ್ಲ. ಕೊಡವ ಹಾಕಿ ಹಬ್ಬವನ್ನೇ ನೋಡಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ ಅರವತ್ತು ಒಕ್ಕಗಳ ತಂಡ ಆಡಿದ್ದವು. 2024ರಲ್ಲಿ ಕುಂಡ್ಯೋಳಂಡ ಒಕ್ಕ ನಾಪೋಕ್ಲುವಿನಲ್ಲಿ ನಡೆಸಿದಾಗ 360 ತಂಡ. ಪ್ರತಿ ವರ್ಷ ಒಂದು ಒಕ್ಕ ಹೊಣೆ ಹೊರುತ್ತದೆ. ಮೈದಾನ, ಗ್ಯಾಲರಿ, ಊಟ, ಬಹುಮಾನ ಎಲ್ಲಾ ಅವರೇ ಹೊಂದಿಸಿಕೊಳ್ಳುತ್ತಾರೆ. ನನ್ನ ಅಮೆರಿಕದ ಸಮಿತಿಯವರಿಗೆ ಇದನ್ನು ಹೇಳಿದಾಗ ನಂಬಲೇ ಇಲ್ಲ. 'ಒಂದು ಮನೆತನ ಇಷ್ಟು ಮಾಡುತ್ತದಾ?' ಅಂದರು. ಮಾಡುತ್ತದೆ. ಆದರೆ ಅದೇ ಮನೆತನದ ಮಾಡು ಸೋರುತ್ತಿದ್ದರೆ ಬಕೆಟ್ ಇಡುತ್ತದೆ.

ಯಾಕೆ ಅಂದರೆ ಹಾಕಿಗೆ ತಾರೀಖಿದೆ. ದೇವಸ್ಥಾನದ ಬ್ರಹ್ಮಕಲಶಕ್ಕೂ ತಾರೀಖಿದೆ. ದಿನ ಹತ್ತಿರ ಬಂದ ಹಾಗೆ ಮಾನದ ಪ್ರಶ್ನೆ ಬರುತ್ತದೆ, ದುಡ್ಡು ಬರುತ್ತದೆ. ಹೆಂಚಿಗೆ ತಾರೀಖಿಲ್ಲ. ಈ ವರ್ಷ ಆಗದಿದ್ದರೆ ಬರುವ ವರ್ಷ. ಹಾಗಂತ ಅಮೆರಿಕದವರು ಹೆಂಚು ನೋಡಿದ ಕೂಡಲೇ ಕಣ್ಣೀರು ಹಾಕಿ ಚೆಕ್ ಬರೆಯುತ್ತಾರೆ ಅಂದುಕೊಳ್ಳಬೇಡಿ. ನಮ್ಮ ವರ್ಜೀನಿಯಾದ ಮನೆಯ ಸೂರುನೀರಿನ ದೋಣಿ ರಿಪೇರಿಗೆ ಕೇಳಿದಾಗ ಬಂದದ್ದು ತೀರಾ ಅಷ್ಟಕ್ಕಷ್ಟೆ. ಆಮೇಲೆ ಅದನ್ನೇ 'ಒಂದು ಕಿಟಕಿ ದತ್ತು ತಗೊಳ್ಳಿ' ಅಂತ ತಿರುಗಿಸಿ ಕೇಳಿದೆವು. ಕಿಟಕಿಗಳೆಲ್ಲಾ ಎರಡು ತಿಂಗಳಲ್ಲಿ ಹೋದವು. ದೋಣಿ ಇನ್ನೂ ಸೋರುತ್ತಿದೆ.

ಅಲ್ಲಿಂದ ಕಲಿತು ತರಬೇಕು ಅನ್ನಿಸಿದ್ದು ಎರಡೇ. ಒಂದು, ಕೇಳುವವನು ಮೊದಲು ಕೊಡಬೇಕು. ಸಮಿತಿಯಲ್ಲಿ ಕೂರುವ ಪ್ರತಿಯೊಬ್ಬರೂ ತಮ್ಮ ಕೈಲಾದದ್ದು ಹಾಕಿದ ಮೇಲೇ ಹೊರಗಿನವರ ಬಾಗಿಲು ತಟ್ಟೋದು. ಇಪ್ಪತ್ತು ಡಾಲರ್ ಆದರೂ ಸರಿ. ಎರಡು, ಇಡುಗಂಟು. ದೊಡ್ಡ ಮೊತ್ತವನ್ನು ಮುಟ್ಟದೆ ಇಟ್ಟು, ಅದರ ಗಳಿಕೆಯಿಂದ ಆ ಮೊತ್ತದ ನೂರಕ್ಕೆ ನಾಲ್ಕರಷ್ಟು ಮಾತ್ರ ವರ್ಷ ವರ್ಷ ತೆಗೆದು ಮನೆ ನೋಡಿಕೊಳ್ಳುವುದು.

ಈ ಎರಡನೆಯದನ್ನು ಕೈಯಾಲೆಯ ಸಭೆಯಲ್ಲಿ ಹೇಳಿ ನಾನು ಬೈಸಿಕೊಂಡೆ. ಹೊರಗೆ ಜೋರು ಮಳೆ. ಐಮರದಲ್ಲಿ ಗೆಳೆಯನ ದೊಡ್ಡಪ್ಪ. ಅವರೇ ಪಟ್ಟೇದಾರರು, ಅಂದರೆ ಒಕ್ಕದ ಯಜಮಾನರು. ಸೇನೆಯಿಂದ ನಿವೃತ್ತರು. ನಾನು ಲೆಕ್ಕ ಹಾಕಿಕೊಂಡು ಹೋಗಿದ್ದೆ. ಒಕ್ಕದಲ್ಲಿ ಅರವತ್ತೆರಡು ಸಂಸಾರ. ಸಂಸಾರಕ್ಕೆ ನಲವತ್ತು ಸಾವಿರ, ಐದು ವರ್ಷದಲ್ಲಿ ಕಂತು ಕಂತಾಗಿ ಕೊಟ್ಟರೂ ಸರಿ. ಹತ್ತಿರ ಹತ್ತಿರ 25 ಲಕ್ಷ. ಬ್ಯಾಂಕಿನಲ್ಲಿ ಶೇಕಡಾ ಆರು ಬಡ್ಡಿ ಅಂದರೂ ವರ್ಷಕ್ಕೆ ಒಂದೂವರೆ ಲಕ್ಷ.

"ಅಂದ್ರೆ, ಮಾಡು ಸೋರ್ತಾ ಇರೋವಾಗ ದುಡ್ಡು ತಗೊಂಡ್ಹೋಗಿ ಬ್ಯಾಂಕಲ್ಲಿ ಇಡೋದಾ?"

"ಅಂಕಲ್, ಅಸಲು ಮುಟ್ಟಬಾರದು..."

"ಈ ಅಸಲನ್ನೂ ಮುಟ್ಟಬಾರದು ಅಂತ ಇವ್ರ ತಾತ ಹೇಳಿ ಹೋದ್ರು," ಅಂದು ಅವರು ಮೇಲೆ ಪಕ್ಕಾಸು ತೋರಿಸಿದರು. "ಮುಟ್ಟದೇ ಬಿಟ್ವಿ. ನೋಡು."

ಅವರ ಮಾತೂ ಸರಿ. ಗೋಡೆ ನಿಲ್ಲದ ಮನೆಗೆ ಇಡುಗಂಟು ಯಾಕೆ? ಕೊನೆಗೆ ಎರಡು ಗಂಟು ಅಂತಾಯಿತು. ಒಂದು ಈಗಿನ ಮಾಡಿಗೆ, ಅದು ಬರುವ ಮಳೆಗಾಲದೊಳಗೆ ಖರ್ಚಾಗಬೇಕು. ಇನ್ನೊಂದು ಠೇವಣಿಗೆ. ಮೊದಲನೆಯ ಹೆಂಚು ಯಾವಾಗ ಏರಬೇಕು ಅಂತ ತಾರೀಖನ್ನೂ ಅಲ್ಲೇ ಗುರುತು ಮಾಡಿದೆವು. ತಾರೀಖಿಲ್ಲದೆ ನಮ್ಮವರು ಕೈ ಬಿಚ್ಚೋದಿಲ್ಲ ಅನ್ನೋದನ್ನು ನಾನು ಬದಲಾಯಿಸೋಕೆ ಹೋಗೋದಿಲ್ಲ. ಅದನ್ನೇ ಬಳಸಿಕೊಳ್ಳೋದು ಜಾಣತನ, ಅಲ್ವಾ?

ಗೆಳೆಯನಿಗೆ ಇನ್ನೊಂದು ಕನಸಿತ್ತು, ಡಾಲರ್. ಅಮೆರಿಕದಲ್ಲಿ, ಕೆನಡಾದಲ್ಲಿ ಎಷ್ಟು ಜನ ನಮ್ಮವರಿಲ್ಲ ಅಂತ. ಇದ್ದಾರೆ. ಆದರೆ ಅಲ್ಲಿನ ಪಾಸ್‌ಪೋರ್ಟ್ ತಗೊಂಡವರು ಕೊಡುವ ದುಡ್ಡು ಕಾನೂನಿನ ಕಣ್ಣಲ್ಲಿ ವಿದೇಶಿ ದೇಣಿಗೆ. ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಅಷ್ಟೆ. ಅದನ್ನು ತಗೊಳ್ಳಬೇಕಾದರೆ ಟ್ರಸ್ಟಿಗೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. ಅದಕ್ಕೆ ಸಾಮಾನ್ಯವಾಗಿ ಟ್ರಸ್ಟ್ ಹುಟ್ಟಿ ಮೂರು ವರ್ಷ ಕೆಲಸ ಮಾಡಿರಬೇಕು. ನಮ್ಮ ಟ್ರಸ್ಟಿನ ಶಾಯಿ ಇನ್ನೂ ಒಣಗಿಲ್ಲ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಬ್ಯಾಂಕಿನ ಮೂಲಕ ಕೊಟ್ಟರೆ ತೊಂದರೆ ಇಲ್ಲ. ಹಾಗಾಗಿ ಹತ್ತು ವರ್ಷದ ಮೇಲೆ ಫೋನ್ ಮಾಡಿದ ಅಣ್ಣ ತಮ್ಮಂದಿರಿಗೆ ನಾವು ಕೇಳಿದ ಎರಡನೇ ಪ್ರಶ್ನೆ, 'ನಿಂದು ಯಾವ ಪಾಸ್‌ಪೋರ್ಟು?' ಇಬ್ಬರಿಗೆ ಬೇಜಾರಾಯಿತು. ಅವರಲ್ಲಿ ಒಬ್ಬರು ಬೆಂಗಳೂರಿನಲ್ಲಿರುವ ತಮ್ಮನಿಗೆ ಹೇಳಿ ಅವನ ಕೈಯಿಂದ ಅವನದೇ ಪಾಲು ದುಪ್ಪಟ್ಟು ಹಾಕಿಸಿದರು.

ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಸಿಎಸ್‌ಆರ್ ದುಡ್ಡೂ ನೋಡಿದೆವು. ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪರಂಪರೆಯ ಕಟ್ಟಡ ಉಳಿಸುವುದೂ ಸೇರಿದೆ. ಬೆಂಗಳೂರಿನ ಒಂದು ಕಂಪನಿಯ ಹುಡುಗಿ ಚೆನ್ನಾಗಿಯೇ ಮಾತಾಡಿದಳು.

"ಸಾರ್, ಮನೆ ಯಾರದ್ದು?"

"ಎಲ್ಲರದ್ದೂ ಅಮ್ಮಾ."

"ಅಲ್ಲ, ಯಾರ ಹೆಸರಲ್ಲಿದೆ?"

"ಎಲ್ಲರ ಹೆಸರಲ್ಲೂ ಇದೆ."

ಫೋನಿನ ಆ ಕಡೆ ಟೈಪ್ ಮಾಡುವ ಸದ್ದು ನಿಂತಿತು. ವರ್ಜೀನಿಯಾದಲ್ಲಿ ಈ ಪ್ರಶ್ನೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಇಲ್ಲಿ ಎಲ್ಲರ ಒಪ್ಪಿಗೆ ಪತ್ರ, ಸತ್ತವರ ವಾರಸುದಾರರ ಒಪ್ಪಿಗೆ ಪತ್ರ. ಆ ಕಡತ ಈಗಲೂ ಓಡಾಡುತ್ತಿದೆ.

ಟಿಕೆಟ್ ಇಟ್ಟರೆ ಹೇಗೆ ಅನ್ನೋ ಮಾತೂ ಬಂತು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಸನ್ನಿಸೈಡ್ ಇದೆಯಲ್ಲ ಅಂದರು ಒಬ್ಬರು. ನನಗೆ ಆ ಮನೆ ಗೊತ್ತಿರೋದು ಬೇರೆ ರೀತಿ. ಅದು ಆರ್‌ಟಿಒ ಕಚೇರಿಯಾಗಿದ್ದಾಗ ಅಪ್ಪನ ಜೊತೆ ಹೋಗಿ ಕ್ಯೂನಲ್ಲಿ ನಿಂತಿದ್ದೆ. 1957ರಿಂದ 1961ರವರೆಗೆ ದೇಶದ ಸೇನಾ ಮುಖ್ಯಸ್ಥರಾಗಿದ್ದವರ ಮನೆ ಅದು ಅಂತ ಆಗ ಯಾರೂ ಹೇಳಲಿಲ್ಲ. 2021ರ ಫೆಬ್ರವರಿ 6ರಂದು ರಾಷ್ಟ್ರಪತಿಗಳು ಬಂದು ಮ್ಯೂಸಿಯಂ ಉದ್ಘಾಟಿಸಿದರು. ಈಗ ಹೋದರೆ ಖುಷಿಯಾಗುತ್ತದೆ. ಆದರೆ ಅದು ಒಬ್ಬ ದೊಡ್ಡ ಮನುಷ್ಯನ ಮನೆ, ಸರ್ಕಾರ ಬೆನ್ನಿಗಿತ್ತು, ಸೇನೆ ಬೆನ್ನಿಗಿತ್ತು. ಐನ್‌ಮನೆಯಲ್ಲಿ ದೀಪ ಇನ್ನೂ ಉರಿಯುತ್ತಿದೆ. "ದೀಪಕ್ಕೆ ಟಿಕೆಟ್ ಇಡ್ತೀಯಾ?" ಅಂತ ದೊಡ್ಡಪ್ಪ ಕೇಳಿದರು, ಸಿಟ್ಟಿಲ್ಲದೆ. ನನ್ನ ಅಮೆರಿಕದ ಮನೆಯಲ್ಲಿ ಮಂಚದ ಸುತ್ತ ಕೆಂಪು ಹಗ್ಗ ಕಟ್ಟಿದ್ದೇವೆ. ಅಲ್ಲಿ ಮಲಗುವವರು ಯಾರೂ ಇಲ್ಲ, ಸರಿ. ನೆಲ್ಲಕ್ಕಿಗೆ ಹಗ್ಗ ಕಟ್ಟುವ ದಿನ ನಾನು ಈ ಸಮಿತಿಯಲ್ಲಿ ಇರೋದಿಲ್ಲ. ಕೈಯಾಲೆ, ಪಕ್ಕದ ಎರಡು ಕೋಣೆ, ಹಳೇ ಭತ್ತದ ಪತ್ತಾಯ ತೋರಿಸೋಣ. ಟಿಕೆಟ್ಟಿನಿಂದ ಮನೆ ನಡೆಯುತ್ತದೆ ಅನ್ನೋ ಭ್ರಮೆ ಅಲ್ಲಿಯವರಿಗೂ ಇಲ್ಲ.

ವರ್ಜೀನಿಯಾದಲ್ಲಿ ಮನೆ ಉಳಿಸುವ ಈ ಕಸುಬಿಗೆಲ್ಲಾ ಮೊದಲ ಪಾಠ ಮೌಂಟ್ ವರ್ನನ್, ಜಾರ್ಜ್ ವಾಷಿಂಗ್ಟನ್ನರ ಮನೆ. 1853ರಲ್ಲಿ ದಕ್ಷಿಣ ಕೆರೊಲಿನಾದ ಒಬ್ಬ ತಾಯಿ ನದಿಯ ಹಡಗಿನಲ್ಲಿ ಹೋಗುತ್ತಾ ಆ ಮನೆಯ ಪಾಡು ನೋಡಿ ಮಗಳಿಗೆ ಕಾಗದ ಬರೆದರು. ಮಗಳು ಆನ್ ಪಮೇಲಾ ಕನಿಂಗ್‌ಹ್ಯಾಮ್, ಚಿಕ್ಕಂದಿನಲ್ಲಿ ಕುದುರೆಯಿಂದ ಬಿದ್ದು ಬೆನ್ನು ನೋವಿನಲ್ಲೇ ಬದುಕಿದವರು. ಕೇಂದ್ರ ಸರ್ಕಾರ ಕೊಳ್ಳಲಿಲ್ಲ, ರಾಜ್ಯವೂ ಕೊಳ್ಳಲಿಲ್ಲ. ಇವರು ಪತ್ರಿಕೆಯಲ್ಲಿ ಹೆಂಗಸರನ್ನು ಕರೆದು, ರಾಜ್ಯಕ್ಕೊಬ್ಬರಂತೆ ಹೊಣೆ ಕೊಟ್ಟು, 1858ರಲ್ಲಿ ಎರಡು ಲಕ್ಷ ಡಾಲರಿಗೆ ಕರಾರು ಮಾಡಿಕೊಂಡು ಆ ದುಡ್ಡು ಕೂಡಿಸಿದರು. ಆಗ ಆ ಮನೆಯ ಜಗಲಿಯ ಮಾಡಿಗೆ ಹಡಗಿನ ಹಳೇ ಪಟಕಂಬಗಳ ಆಸರೆ ಕೊಟ್ಟಿದ್ದರು. ಇವತ್ತಿಗೂ ಅದೇ ಹೆಂಗಸರ ಸಂಘ, ಸರ್ಕಾರದ ದುಡ್ಡಿಲ್ಲದೆ, ಅದನ್ನು ನಡೆಸುತ್ತಿದೆ.

ಆ ಮನೆಯನ್ನು ಕಟ್ಟಿ ಬೆಳೆಸಿದ ಗುಲಾಮರ ಕತೆ ಹೇಳೋಕೆ ಮಾತ್ರ ಅವರಿಗೂ ಬಹಳ ಕಾಲ ಬೇಕಾಯಿತು. ಅವರ ಸಮಾಧಿ ಜಾಗದಲ್ಲಿ ಒಂದು ಕಲ್ಲು ನೆಟ್ಟದ್ದು 1929ರಲ್ಲಿ, ಸರಿಯಾದ ಸ್ಮಾರಕ ಆದದ್ದು 1983ರಲ್ಲಿ. ನಮ್ಮ ಸಭೆಯಲ್ಲಿ ನಾನು, ಗದ್ದೆಯಲ್ಲಿ ದುಡಿದ ಪಣಿ ಎರವ ಬುಡಕಟ್ಟಿನವರ ಬಗ್ಗೆಯೂ ಒಂದು ಕೋಣೆ ಇರಲಿ ಅಂದೆ. ಯಾರೂ ಬೇಡ ಅನ್ನಲಿಲ್ಲ. ಕಾಫಿ ಬಂತು. ಆ ವಿಷಯ ನಡಾವಳಿ ಪುಸ್ತಕದಲ್ಲಿ ಇಲ್ಲ. ನಾನು ಮತ್ತೆ ಎತ್ತುತ್ತೇನೆ.

ಕನಿಂಗ್‌ಹ್ಯಾಮ್ ನೆನಪಾದದ್ದು ಚಂದಾ ಪಟ್ಟಿ ನೋಡುವಾಗ. ಅರವತ್ತೆರಡೂ ಸಂಸಾರಕ್ಕೆ ಗಂಡಸರ ಹೆಸರು. "ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳ ಪಟ್ಟಿ ಎಲ್ಲಿ?" ಅಂದೆ. "ಅವರು ಬೇರೆ ಒಕ್ಕಕ್ಕೆ ಹೋದವರಲ್ವಾ," ಅಂದ ಗೆಳೆಯ. ತವರಿಗೆ ಬಂದಾಗ ಬಕೆಟ್ ನೋಡಿ ಮನಸ್ಸು ನೋಯುವುದು ಅವರಿಗೇ ಜಾಸ್ತಿ. ಅವರನ್ನೇ ಯಾರೂ ಕೇಳಿಲ್ಲ! ಮೂರು ದಿನ ಫೋನ್ ಮಾಡಿ ನಲವತ್ತೊಂದು ಹೆಸರು ಕೂಡಿಸಿದೆವು.

ಮೊದಲು ಬಂದವರು ಗೋಣಿಕೊಪ್ಪದ ಆಂಟಿ, ಎಪ್ಪತ್ತರ ಮೇಲೆ. ಛತ್ರಿ ಮಡಚಿ ಐಮರದ ಮೂಲೆಯಲ್ಲಿ ಕೂತರು. ಅಲ್ಲಿ ಕೂರುವ ಅಭ್ಯಾಸ ಅವರಿಗಿರಲಿಲ್ಲ ಅಂತ ಕಾಣುತ್ತದೆ, ತುದಿಯಲ್ಲೇ ಕೂತಿದ್ದರು. ಗೆಳೆಯ ರಸೀದಿಯಲ್ಲಿ 'ನಿರ್ಮಾಣ' ಹೊಡೆದು 'ನಿರ್ವಹಣೆ' ಬರೆದ. ಹೆಸರು ಬರೆಯುವಾಗ ಅವರು ಕೈ ಹಿಡಿದರು. "ಗಂಡನ ಮನೆ ಹೆಸರು ಬೇಡ. ನಾನು ಹುಟ್ಟಿದ ಮನೆ ಹೆಸರು ಹಾಕು." ಅವನು ಅದನ್ನೂ ಹೊಡೆದು ಮೇಲೆ ಬರೆದ. ರಸೀದಿಯಲ್ಲಿ ಅಚ್ಚಿಗಿಂತ ಕೈಬರಹವೇ ಜಾಸ್ತಿಯಾಯಿತು. ಅವರು ಮಡಚಿ ಬ್ಯಾಗಿನಲ್ಲಿಟ್ಟು, ಇನ್ನೊಂದು ಕವರ್ ತೆಗೆದರು.

"ಇದು ಬರುವ ವರ್ಷದ್ದು. ಈಗಲೇ ಇನ್ನೊಂದು ಹರಿ."